ಹಿಂದಕ್ಕೆ ಕಟ್ಟಿಸಿದ ಲಂಗರು

ಹನ್ನೊಂದು ತಿಂಗಳು ಜಯಮ್ಮ ಆ ಹಲಗೆಗೆ ಹೂವು ಏರಿಸಿದಳು. ಶುಕ್ರವಾರಕ್ಕೊಂದು ಮೊಳ ಕನಕಾಂಬರ. ಹಲಗೆ ನೀಲಿ, ಅಕ್ಷರ ಬಿಳಿ, ಎಲ್ಲ ಇಂಗ್ಲಿಷು. ಅವಳಿಗೆ ಇಂಗ್ಲಿಷು ಬಾರದು. ಆದರೆ ಗಂಡನ ಹೆಸರು ಇಂಗ್ಲಿಷಿನಲ್ಲಿ ಹೇಗೆ ಕಾಣುತ್ತದೆ ಎಂಬುದು ಗೊತ್ತಿತ್ತು. ಅವನ ಆಧಾರ್ ಕಾರ್ಡು ಹಿಡಿದುಕೊಂಡು ಕಚೇರಿ ಕಚೇರಿ ತಿರುಗಿ ಆ ಅಕ್ಷರಗಳ ಆಕಾರ ಕಣ್ಣಿಗೆ ಹತ್ತಿತ್ತು. ಹಲಗೆಯ ಮೇಲೆ ಅದೇ ಆಕಾರ, ದಪ್ಪಗೆ, ಎಲ್ಲಕ್ಕಿಂತ ಮೇಲೆ. ಕೆಳಗೆ ಒಂದು ದೋಣಿಯ ಚಿತ್ರ. ಸತ್ತ ಮೇಲಾದರೂ ನೆನೆಸಿದರಲ್ಲ ಎಂದು ಅವಳು ಅಂದುಕೊಂಡಳು.

ಹೈದರಾಬಾದಿನ ಹೊರಗೆ, ವಿಮಾನ ನಿಲ್ದಾಣವಿರುವ ಶಂಶಾಬಾದಿನ ಆಚೆ ಒಂದು ದೊಡ್ಡ ಕೆರೆ. ಅದರ ಮೂಡಣ ದಂಡೆಯಲ್ಲಿ ಹಾಯಿದೋಣಿ ಕಲಿಸುವ ಕ್ಲಬ್ಬು. ಹಲಗೆ ಇದ್ದದ್ದು ಅಲ್ಲಿಯ ಪಾಠದ ಶೆಡ್ಡಿನ ಗೋಡೆಗೆ. ಗಂಡ ಸತ್ತ ಮೇಲೆ ಜಯಮ್ಮನಿಗೆ ಅಲ್ಲೇ ಕಸ ಹೊಡೆಯುವ, ಚಹಾ ಕೊಡುವ ಕೆಲಸ ಕೊಟ್ಟಿದ್ದರು. ಭಾನುವಾರ ಬೆಳಿಗ್ಗೆ ಕಲಿಯುವವರು ಕಾರು ಹತ್ತಿ ಬರುತ್ತಾರೆ. ಕ್ಲಬ್ಬಿನ ಸೆಕ್ರೆಟರಿ ವಿಶ್ವಜಿತ್ ಪಾಠ ಹೇಳುತ್ತಾರೆ. ತಲೆ ಮೇಲೆ ವಿಮಾನ ಹಾದರೆ ಪಾಠ ನಿಲ್ಲುತ್ತದೆ, ಹೋದ ಮೇಲೆ ಮತ್ತೆ ಶುರು. ಪಾಠದ ನಡುವೆ ಅವರು ಬೆತ್ತದಿಂದ ಆ ಹಲಗೆ ಮುಟ್ಟಿ ಅವಳ ಗಂಡ ತಾಯಪ್ಪನ ಹೆಸರು ಹೇಳುತ್ತಿದ್ದರು. ಹುಡುಗ ಹುಡುಗಿಯರು ತಾವೂ ಹೇಳುತ್ತಿದ್ದರು. ಜಯಮ್ಮ ಚಹಾದ ತಟ್ಟೆ ಕೆಳಗಿಟ್ಟು, ಸೆರಗು ತಲೆ ಮೇಲೆ ಎಳೆದುಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದಳು.

ಅವಳು ಹೂವು ಏರಿಸುವುದನ್ನು ಎಲ್ಲರೂ ನೋಡಿದ್ದರು. ಸೆಕ್ರೆಟರಿ ನೋಡಿದ್ದರು, ಮೆಂಬರುಗಳು ನೋಡಿದ್ದರು, ಗೇಟಿನ ವಾಚ್‌ಮನ್ನೂ ನೋಡಿದ್ದ. ಒಬ್ಬರಾದರೂ, ಅಮ್ಮಾ, ಅಲ್ಲಿ ಬರೆದಿರುವುದು ಇದು, ಎನ್ನಲಿಲ್ಲ.

ತಾಯಪ್ಪ ಕೃಷ್ಣಾ ದಂಡೆಯವನು, ರಾಯಚೂರು ಕಡೆ. ಅಂಬಿಗರ ಮನೆ. ಅಪ್ಪ, ಅಜ್ಜ ಎಲ್ಲ ಹರಿಗೋಲು ಹಾಕಿ ಜನರನ್ನು ದಾಟಿಸಿದವರು. ಜಯಮ್ಮನ ತವರೂ ಎದುರು ದಂಡೆಯ ಅಂಬಿಗರದೇ. ಹತ್ತು ವರ್ಷಕ್ಕೇ ಅವಳ ಕೈಯಲ್ಲಿ ಹುಟ್ಟು ಇತ್ತು. ಮದುವೆಯಾದ ಮೂರನೇ ವರ್ಷ ಹೊಳೆಗೆ ಸೇತುವೆ ಬಂತು. ಜನ ಬಸ್ಸಿನಲ್ಲಿ ದಾಟಿದರು. ಹರಿಗೋಲು ಅಂಗಳದಲ್ಲಿ ಬೋರಲು ಬಿದ್ದುಕೊಂಡು ಕೋಳಿಗೆ ನೆರಳಾಯಿತು. ಗಂಡ ಹೆಂಡತಿ ಹೈದರಾಬಾದಿಗೆ ಬಂದರು.

ದಿಲ್‌ಸುಖ್‌ನಗರದಲ್ಲಿ ಹೊಸ ಕಟ್ಟಡಗಳ ಪಾಯದ ಗುಂಡಿಯಿಂದ ನೀರು ಎತ್ತುವ ಕೆಲಸ ಸಿಕ್ಕಿತು. ಹೊಳೆ ದಾಟಿಸಿದವನು ಪಂಪಿನ ಪೈಪು ಹಿಡಿದು ಕೆಸರಲ್ಲಿ ನಿಂತ. ಆರು ವರ್ಷ. ಆಮೇಲೆ ಯಾರೋ ಕ್ಲಬ್ಬಿನ ಸುದ್ದಿ ಹೇಳಿದರು. ದೋಣಿ ಎಂದು ಕೇಳಿದ್ದೇ ತಡ, ಅದೇ ದಿನ ಹೋದ. ಸಂಬಳ ಎಷ್ಟು ಎಂದು ಸಹ ಕೇಳಿರಲಿಲ್ಲ. ಜಯಮ್ಮ ಬೈದಳು.

ಹಾಯಿ ಅವನಿಗೆ ಹೊಸದು. ಯಾರೂ ಕಲಿಸಲಿಲ್ಲ. ಒಂದು ಮಳೆಗಾಲ, ಒಂದು ಚಳಿಗಾಲ ದಂಡೆಯ ಮೇಲೆ ಕೂತು ನೋಡಿಯೇ ಕಲಿತ. ನೀರು ಮಾತ್ರ ಗೊತ್ತಿದ್ದದ್ದೇ. ಲಂಗರು ಹಾಕುವುದರಲ್ಲಿ ಅವನ ಕೈ ಬೇರೆ ಯಾರಿಗೂ ಬರಲಿಲ್ಲ. ಹುಡುಗರು ಲಂಗರು ಎತ್ತಿ ಬೀಸಿ ಒಗೆಯುತ್ತಿದ್ದರು, ನೀರು ಹಾರಿದರೆ ಖುಷಿ. ಅವನು ದೋಣಿಯ ಮೂತಿಯನ್ನು ಗಾಳಿಗೆ ಕೊಟ್ಟು, ಹಾಯಿ ಸಡಿಲ ಬಿಟ್ಟು, ದೋಣಿ ತಾನಾಗಿ ನಿಂತ ಮೇಲೆ ಲಂಗರನ್ನು ಒಲೆಯಿಂದ ಪಾತ್ರೆ ಇಳಿಸಿದ ಹಾಗೆ ಇಳಿಸುತ್ತಿದ್ದ. ಆಮೇಲೆ ಹಗ್ಗ. ಎರಡು ಕೈ ಚಾಚಿದರೆ ಒಂದು ಮಾರು. ನೀರಿನ ಆಳ ಎರಡು ಮಾರಿದ್ದರೆ ಹಗ್ಗ ಹದಿನಾಲ್ಕು ಮಾರು ಬಿಡುತ್ತಿದ್ದ.

"ಇಷ್ಟು ಹಗ್ಗ ಯಾಕ್ರೀ?" ಎಂದು ಒಮ್ಮೆ ಜಯಮ್ಮ ಕೇಳಿದ್ದಳು.

"ಗಿಡ್ಡ ಬಿಟ್ರ ಹಗ್ಗ ಲಂಗರನ್ನ ಮ್ಯಾಲೆ ಎತ್ತತೈತಿ. ಉದ್ದ ಬಿಟ್ರ ನೆಲಕ್ಕ ಅಡ್ಡ ಜಗ್ಗತೈತಿ, ಹಲ್ಲು ಕೆಸರಾಗ ಕಚ್ಚತೈತಿ. ನಿನ್ನ ಬಾಯಿ ಇದ್ದಂಗ. ಒಮ್ಮೆ ಕಚ್ಚಿದ್ರ ಬಿಡೂದುಲ್ಲ."

ಹಗ್ಗ ಕಟ್ಟುವುದು ಯಾವಾಗಲೂ ಮುಂದೆ, ಮೂತಿಗೆ. ದೋಣಿಯ ಮೂತಿ ಚೂಪು, ಎತ್ತರ; ತೆರೆ ಬಂದರೆ ಸೀಳುತ್ತದೆ. ಹಿಂಬದಿ ಚಪ್ಪಟೆ, ತಗ್ಗು. ತೆರೆ ಬಂದರೆ ಸೀದಾ ಒಳಗೆ ಬರುತ್ತದೆ. ಇದು ಅಂಬಿಗರ ಮನೆಯ ಕೂಸಿಗೂ ಗೊತ್ತು. ಹಗ್ಗ ಕಟ್ಟಿ ಆದ ಮೇಲೂ ಅವನು ದಂಡೆಯ ಹುಣಸೆ ಮರ ಮತ್ತು ಅದರ ಹಿಂದಿನ ನೀರಿನ ಟ್ಯಾಂಕು ಒಂದೇ ಗೆರೆಯಲ್ಲಿ ಇವೆಯೋ ನೋಡುತ್ತಿದ್ದ. ಮರ ಟ್ಯಾಂಕಿನಿಂದ ಸರಿದರೆ ಲಂಗರು ಜಾರುತ್ತಿದೆ ಎಂದು ಅರ್ಥ. ಹನ್ನೊಂದು ವರ್ಷದಲ್ಲಿ ಅವನು ಹಾಕಿದ ಒಂದು ಲಂಗರೂ ಜಾರಲಿಲ್ಲ.

ಅಂಥವನ ಹೆಸರನ್ನು ಗೋಡೆಗೆ ಹೊಡೆದರು.

ಹೋದ ವರ್ಷ ಸೆಪ್ಟೆಂಬರಿನಲ್ಲಿ ಕ್ಲಬ್ಬಿನಲ್ಲಿ ಒಂದು ಉತ್ಸವ. ಮನೆ ಕಟ್ಟಿ ಮಾರುವ ಯಾವುದೋ ಕಂಪನಿ ಅದರ ಖರ್ಚು ಹೊತ್ತಿತ್ತು. ಆ ದಿನ ಬೆಳಿಗ್ಗೆ ರೊಟ್ಟಿ ತಿನ್ನುತ್ತ ತಾಯಪ್ಪ ಹೇಳಿದ:

"ಎಂಟೂ ದೋಣಿ ಹಿಂದ ಕಟ್ಟಬೇಕಂತ."

"ಯಾಕ?"

"ಒಂದೊಂದು ಹಾಯಿಗೆ ಒಂದೊಂದು ಅಕ್ಷರ ಹಚ್ಯಾರ. ಎಂಟು ಕೂಡಿದ್ರ ಕಂಪನಿ ಹೆಸರು. ಮೂತಿ ಗಾಳಿಗೆ ಕೊಟ್ರ ಹಾಯಿ ಪಟಪಟ ಬಡಕೋತೈತಿ, ಓದಾಕ ಬರೂದುಲ್ಲ. ಬೆನ್ನು ಗಾಳಿಗೆ ಕೊಟ್ರ ಹಾಯಿ ತುಂಬಿ ಅಗಲ ನಿಲ್ತೈತಿ. ದಂಡಿ ಮ್ಯಾಲೆ ಕುಂತ ದೊಡ್ಡ ಮಂದಿ ಓದಬಹುದಂತ."

"ನೀವು ಏನಂದ್ರಿ?"

"ಆಗೂದುಲ್ಲ ಅಂದೆ. ಎರಡು ಸಲ ಅಂದೆ. ಕೋಡಿ ಹರಿಯಾಕತ್ತೈತಿ. ನೀರು ಪಡುವಣಕ್ಕ ಜಗ್ಗತೈತಿ, ಗಾಳಿ ಪಡುವಣದಿಂದ ಹೊಡಿತೈತಿ. ಎರಡೂ ಎದುರುಬದುರು ಆದಾಗ ತೆರಿ ಗ್ವಾಡಿ ಆಗ್ತಾವ. ಬೆನ್ನು ಕೊಟ್ಟು ನಿಂದ್ರೂದು ಅಂದ್ರ ಹುಡುಗಾಟೇನು?"

ಆಗ ಜಯಮ್ಮ ಒಂದು ಮಾತು ಅಂದಳು. "ಹೇಳಿದಂಗ ಕಟ್ಟಿ ಬರ್ರಿ. ಇರೂ ಕೆಲಸಾನೂ ಕಳ್ಕೋಬ್ಯಾಡ್ರಿ."

ಅದನ್ನು ಅವಳು ಆಮೇಲೆ ಯಾರ ಮುಂದೆಯೂ ಹೇಳಲಿಲ್ಲ.

ಮಧ್ಯಾಹ್ನ ಅವಳು ಬುತ್ತಿ ತಂದು ದಂಡೆಯ ಮೇಲೆ ನಿಂತಿದ್ದಳು. ತಾಯಪ್ಪ ಎಂಟೂ ದೋಣಿಗಳನ್ನು ಸಾಲಾಗಿ ತಂದು, ಮುಂದೆಯೇ ಕಟ್ಟಿದ. ಮೂತಿ ಗಾಳಿಗೆ. ಹಾಯಿಗಳು ಪಟಪಟ ಬಡಿದವು, ಒಂದು ಅಕ್ಷರವೂ ಕಾಣಲಿಲ್ಲ. ಶಾಮಿಯಾನದಲ್ಲಿ ಕೂತವರು ನಕ್ಕರು. ವಿಶ್ವಜಿತ್ ದಂಡೆಗೆ ಬಂದು ಸೀಟಿ ಊದಿದರು. ಕೈ ಎತ್ತಿ ಹಿಂದೆ, ಹಿಂದೆ ಎಂದು ಸನ್ನೆ ಮಾಡಿದರು. ತಾಯಪ್ಪ ಬೇಡ ಎಂದು ಕೈ ಆಡಿಸಿದ. ಇನ್ನೊಮ್ಮೆ ಸೀಟಿ. ಇನ್ನೊಮ್ಮೆ ಸನ್ನೆ. ತಾಯಪ್ಪ ಒಂದೊಂದೇ ಹಗ್ಗ ಬಿಚ್ಚಿ ಹಿಂದೆ ಕಟ್ಟಿದ. ಹಾಯಿಗಳು ತುಂಬಿಕೊಂಡವು. ಹೆಸರು ಕಂಡಿತು. ದೊಡ್ಡ ಮಂದಿ ಚಪ್ಪಾಳೆ ಹೊಡೆದರು, ಫೋಟೊ ತೆಗೆದರು.

ಅರ್ಧ ತಾಸಿಗೆ ಮಳೆಗಾಳಿ ಎದ್ದಿತು. ತೆರೆ ಹಿಂದಿನಿಂದ ದೋಣಿಗಳೊಳಗೆ ಬಿತ್ತು. ದೋಣಿಗೊಬ್ಬ ಮೆಂಬರು ಕೂತಿದ್ದರು, ಎಲ್ಲ ಚೀರಾಟ. ತಾಯಪ್ಪ ಸಣ್ಣ ದೋಣಿ ಹುಟ್ಟು ಹಾಕಿಕೊಂಡು ಹೋಗಿ ಒಂದೊಂದೇ ಹಗ್ಗ ಚಾಕುವಿನಿಂದ ಕೊಯ್ದ. ಕೊಯ್ದ ದೋಣಿಯನ್ನು ಗಾಳಿ ದಂಡೆಗೆ ತಂದು ಹಾಕಿತು. ಹಾಗೆ ಏಳು. ಎಂಟನೆಯದರ ಹಿಂಬದಿ ಆಗಲೇ ನೀರಲ್ಲಿತ್ತು. ಅದರಲ್ಲಿದ್ದ ಹುಡುಗಿಯನ್ನು ಎಳೆದು ತನ್ನ ದೋಣಿಗೆ ಹಾಕಿಕೊಂಡ. ಅಷ್ಟರಲ್ಲಿ ಹಾಯಿಯ ಅಡ್ಡಗೋಲು ತಿರುಗಿ ಅವನ ತಲೆಗೆ ಬಡಿಯಿತು.

ಅವನು ಸತ್ತು ಮೂರು ದಿನ ಆದ ಮೇಲೆ ಕ್ಲಬ್ಬಿನವರು ಕಾಗದ ತಂದು ಜಯಮ್ಮನ ಸಹಿ ಹಾಕಿಸಿಕೊಂಡರು. ಏನು ಬರೆದಿದೆ ಎಂದು ಓದಿ ಹೇಳಲಿಲ್ಲ. ನೀನು ಏನು ಕಂಡಿ ಎಂದು ಕೇಳಲಿಲ್ಲ. ಮರುದಿನ ಕಸಬರಿಗೆ ಕೊಟ್ಟರು.

ಎಂಟನೇ ದೋಣಿಯಲ್ಲಿದ್ದ ಹುಡುಗಿ ಲಹರಿ. ಮೈಸೂರಿನವಳು, ಐಟಿ ಕಂಪನಿಯಲ್ಲಿ ಕೆಲಸ. ಆ ದಿನದಿಂದ ಅವಳು ಕೆರೆಯ ಕಡೆ ಬಂದಿರಲಿಲ್ಲ. ಈ ಆಗಸ್ಟಿನಲ್ಲಿ ಒಂದು ಶುಕ್ರವಾರ ಒಬ್ಬಳೇ ಬಂದಳು. ಜಯಮ್ಮ ಆಗ ಸ್ಟೂಲು ಹತ್ತಿ ಹಲಗೆಗೆ ಹೂವು ಸಿಗಿಸುತ್ತಿದ್ದಳು. ಲಹರಿ ಬಾಗಿಲಲ್ಲೇ ನಿಂತಳು. ಹಲಗೆಯ ಮೇಲಿನ ಸಾಲುಗಳನ್ನು ಓದಿಕೊಂಡಳು.

"ಅಮ್ಮಾ... ಅದಕ್ಕೆ ಯಾಕೆ ಹೂವು?"

"ನಮ್ಮ ಮನಿಯವ್ರ ಹೆಸರು ಐತಲ್ಲವ್ವಾ."

"ನಿಮಗೆ ಯಾರೂ ಓದಿ ಹೇಳಿಲ್ವಾ?"

"ನೀ ಓದು. ನೀನಾದ್ರ ಕನ್ನಡದಾಕಿ."

"ಬೇಡ ಅಮ್ಮಾ."

"ಓದಂದ್ರ ಓದು."

ಲಹರಿ ಓದಿದಳು. ಸಾಲು ಸಾಲು ಕನ್ನಡ ಮಾಡಿ ಹೇಳಿದಳು. "ತಾಯಪ್ಪನ ತಪ್ಪು. ಹೀಗೆ ಮಾಡಬೇಡಿ. ಈ ದೋಣಿಯಾಳು ಲಂಗರನ್ನು ಹಿಂಬದಿಗೆ ಕಟ್ಟಿದ. ದೋಣಿ ಮುಳುಗಿತು, ಪ್ರಾಣ ಹೋಯಿತು. ಲಂಗರನ್ನು ಯಾವಾಗಲೂ ಮುಂದೆ ಕಟ್ಟಿ."

ಜಯಮ್ಮ ಸ್ಟೂಲಿನಿಂದ ಇಳಿದಳು. ಹೂವು ಕಿತ್ತು ಮುಷ್ಟಿಯಲ್ಲಿ ಹಿಡಿದಳು. "ಮತ್ತ ಭಾನುವಾರ ಎಲ್ಲಾರೂ ಅಂತಾರಲ್ಲ, ಅವ್ರ ಹೆಸರು ಹಿಡಿದು?"

"ಅದೇ ಅಮ್ಮಾ. ತಾಯಪ್ಪನ ತಪ್ಪು ಅಂತಲೇ ಅನ್ನಿಸ್ತಿರಬೇಕು."

"ನಾ ತಲಿ ಮ್ಯಾಲೆ ಸೆರಗು ಹಾಕ್ಕೊಂಡು ನಿಂತಿದ್ನೆಲ್ಲ! ಹನ್ನೊಂದು ತಿಂಗಳು! ನಗಾಕತ್ತಿದ್ರೇನು ನನ್ನ ನೋಡಿ?" ಲಹರಿ ಅಳತೊಡಗಿದಳು. ಜಯಮ್ಮನಿಗೆ ಅಳು ಬರಲಿಲ್ಲ. "ನಿನ್ನ ಜೀವಾ ಉಳಿಸಿದ್ದು ಬರದಾರೇನು ಅದರಾಗ?"

"ಇಲ್ಲ."

"ನೀ ಯಾಕ ಹೇಳಲಿಲ್ಲ ಅವ್ರಿಗೆ?"

"ಹೆದರಿದ್ದೆ ಅಮ್ಮಾ. ಮರೆತುಬಿಡಬೇಕು ಅನ್ನಿಸಿತ್ತು."

"ಮರತಿ. ಛಲೋ ಆತು. ಮೂಗು ಒರಸ್ಕೋ."

ಸೆಕ್ರೆಟರಿ ಕೋಣೆಯಲ್ಲೇ ಇದ್ದರು. ಜಯಮ್ಮ ಒಳಗೆ ಹೋಗಿ ಹಲಗೆಯ ಮಾತು ಎತ್ತಿದಳು. ವಿಶ್ವಜಿತ್ ಬೀದರಿನವರು, ಮನೆಯಲ್ಲಿ ಅವ್ವನ ಜೊತೆ ಆಡುವುದು ಕನ್ನಡವೇ. ಆದರೆ ಕ್ಲಬ್ಬಿನ ಗೇಟು ದಾಟಿದರೆ ಇಂಗ್ಲಿಷು, ಇಲ್ಲವೇ ಹಿಂದಿ. ತಾಯಪ್ಪನ ಜೊತೆ ಹನ್ನೊಂದು ವರ್ಷದಲ್ಲಿ ಒಂದು ಕನ್ನಡ ಮಾತೂ ಆಡಿದವರಲ್ಲ.

"ದೇಖೋ ಅಮ್ಮಾ," ಎಂದರು. "ಅದು ಮಕ್ಕಳು ಜೋಪಾನವಾಗಿರಲಿ ಎಂದು ಹಾಕಿದ್ದು. ಅವನ ಹೆಸರಿನಿಂದ ನಾಲ್ಕು ಜನ ಉಳಿದರೆ ಅವನಿಗೂ ಪುಣ್ಯ." ಎಲ್ಲ ಹಿಂದಿಯಲ್ಲಿ.

"ಹಿಂದ ಕಟ್ಟು ಅಂದಾವ್ರು ಯಾರು?"

"ಅಕ್ಷರ ಕಾಣಬೇಕು ಎಂದಷ್ಟೇ ನಾನು ಹೇಳಿದ್ದು. ಹೇಗೆ ಕಟ್ಟಬೇಕು ಎನ್ನುವುದು ದೋಣಿಯವನ ಕೆಲಸ. ಅವನಿಗೆ ತಿಳಿಯಬೇಕಿತ್ತು."

"ನೀವು ಸೀಟಿ ಊದಿದ್ದು ನಾ ಕಂಡೀನಿ."

"ತನಿಖೆ ಮುಗಿದಿದೆ ಅಮ್ಮಾ. ನೀನೇ ಸಹಿ ಮಾಡಿದ್ದೀಯ." ಅವರು ಫೋನು ಎತ್ತಿಕೊಂಡರು. ಮಾತು ಮುಗಿಯಿತು ಎಂದು ಅರ್ಥ.

ಮುಗಿಯಲಿಲ್ಲ. ಭಾನುವಾರ ಪಾಠದ ನಡುವೆ ಬೆತ್ತ ಹಲಗೆಗೆ ತಾಗಿದ್ದೇ ಜಯಮ್ಮ ಶೆಡ್ಡಿನೊಳಗೆ ಬಂದು ನಿಂತಳು. ಲಹರಿಯೂ ಬಂದಿದ್ದಳು.

"ಸಾಹೇಬ್ರ, ಬರೇ ಚಿತ್ರ ತೋರ್ಸಿ ಕಲಿಸ್ತೀರೇನು? ದೋಣಿ ಐತಿ, ಕೆರಿ ಐತಿ, ಗಾಳಿ ಐತಿ. ಆ ತಪ್ಪು ಹೆಂಗಾತು ಅಂತ ಖರೇನ ತೋರಿಸ್ರಿ. ಹುಟ್ಟು ನಾ ಹಾಕ್ತೀನಿ."

"ಕ್ಯಾ ಬಾತ್ ಹೈ ಅಮ್ಮಾ?" ಎಂದು ಅವರು ನಕ್ಕರು. ಲಹರಿ ಜಯಮ್ಮನ ಮಾತನ್ನು ಇಂಗ್ಲಿಷಿನಲ್ಲಿ ಎಲ್ಲರಿಗೂ ಹೇಳಿದಳು. ಕಲಿಯುವವರು ಹನ್ನೆರಡು ಮಂದಿ, ಎಲ್ಲ ಬಿಸಿರಕ್ತ. ತೋರಿಸಿ ಸಾರ್, ತೋರಿಸಿ ಸಾರ್ ಎಂದು ಗದ್ದಲ ಎಬ್ಬಿಸಿದರು.

"ಅಂಜಿಕಿ ಬಂತೇನ್ರೀ?" ಎಂದಳು ಜಯಮ್ಮ.

ಹನ್ನೆರಡು ಜನರ ಎದುರು ಅಂಥ ಮಾತು ಕೇಳಿ ಯಾವ ಗಂಡಸು ಕೂತಾನು? ವಿಶ್ವಜಿತ್ ತೇಲುವ ಜಾಕೀಟು ಕಟ್ಟಿಕೊಂಡು ದೋಣಿ ಹತ್ತಿದರು.

ಆ ವಾರವೂ ಮಳೆಯಾಗಿ ಕೋಡಿ ಹರಿಯುತ್ತಿತ್ತು. ಪಡುವಣ ಗಾಳಿ ಎದ್ದು ಕೆರೆಯ ಮೈ ಗರಗಸವಾಗಿತ್ತು. ಜಯಮ್ಮ ಕಚ್ಚೆ ಹಾಕಿ ಹುಟ್ಟು ಹಿಡಿದಳು. ದಂಡೆಗೆ ಕೂಗಿದರೆ ಕೇಳುವಷ್ಟು ದೂರದಲ್ಲಿ ಮೂತಿಯನ್ನು ಗಾಳಿಗೆ ತಿರುಗಿಸಿದಳು, ಲಂಗರು ಇಳಿಸಿದಳು. ಮಾರು ಮಾರು ಎಣಿಸಿ ಹಗ್ಗ ಬಿಟ್ಟಳು. ಹದಿನಾಲ್ಕು. ಮೂತಿಯ ಗೂಟಕ್ಕೆ ಸುತ್ತಿದಳು. ಲಂಗರು ಕಚ್ಚಿತು. ತೆರೆ ಬಂದು ಮೂತಿಗೆ ತಾಗಿ ಎರಡು ಪಾಲಾಗಿ ಹೋಯಿತು. ವಿಶ್ವಜಿತ್ ಹಾಯಿ ಏರಿಸಿದರು. ಅದು ಸುಮ್ಮನೆ ಪಟಪಟ ಬಡಿಯಿತು.

"ಇದು ತಾಯಪ್ಪ ಕಟ್ಟಿದ್ದು," ಎಂದಳು.

ಗಾಳಿ ಒಂದು ಗಳಿಗೆ ಬಿಟ್ಟುಕೊಟ್ಟಾಗ, ಸಡಿಲಾದ ಹಗ್ಗವನ್ನು ದೋಣಿಯ ಹೊರಮೈಯಿಂದ ಹಿಂದಕ್ಕೆ ತಂದು ಹಿಂಬದಿಯ ಗೂಟಕ್ಕೆ ಬಿಗಿದಳು. ಮುಂದಿನದನ್ನು ಬಿಚ್ಚಿದಳು. ದೋಣಿ ಗರ್ರನೆ ತಿರುಗಿತು. ಹಾಯಿ ಅಗಲಕ್ಕೆ ಬಿಚ್ಚಿಕೊಂಡು ತುಂಬಿತು. ಈಗ ಹಾಯಿ ಮುಂದಕ್ಕೆ ಎಳೆಯುತ್ತದೆ, ಹಗ್ಗ ಹಿಂದಕ್ಕೆ ಜಗ್ಗುತ್ತದೆ. ನಡುವೆ ಹಿಂಬದಿ ಕೆಳಗೆ ಕೂರುತ್ತದೆ. ವಿಶ್ವಜಿತ್ ಕೂತಿದ್ದು ಅಲ್ಲೇ.

"ಇದು ನೀವು ಕಟ್ಟಿಸಿದ್ದು."

ಮೊದಲ ತೆರೆ ಒಂದು ಚೊಂಬು ನೀರು ತಂದು ಅವರ ತೊಡೆಯ ಮೇಲೆ ಸುರಿಯಿತು. ಎರಡನೆಯದು ಒಂದು ಬಕೆಟ್ಟು. ಮೂರನೆಯದಕ್ಕೆ ಲೆಕ್ಕವಿಲ್ಲ. ಬೂಟು ಮುಳುಗಿತು.

"ಬಸ್, ಬಸ್! ಹೋ ಗಯಾ!" ಎಂದರು. ಜಯಮ್ಮ ಅಲುಗಲಿಲ್ಲ. ಇನ್ನೊಂದು ತೆರೆ ಬೆನ್ನಿಗೆ ಬಡಿಯಿತು. ಆಗ ಅವರ ಬಾಯಿಂದ ಹಿಂದಿ ಹೋಯಿತು. "ಮುಂದ ಕಟ್ಟು! ಯವ್ವಾ, ಮುಂದ ಕಟ್ಟು!"

"ಅವ್ರೂ ಇದ ಹೇಳಿದ್ರು. ಮನ್ಯಾಗ ರೊಟ್ಟಿ ತಿನ್ಕೋತ ನನಗ ಹೇಳಿದ್ರು. ನಾ ಏನಂದೆ ಗೊತ್ತೇನ್ರೀ? ಹೇಳಿದಂಗ ಕಟ್ಟಿ ಬರ್ರಿ, ಕೆಲಸ ಉಳೀಲಿ ಅಂದೆ. ನಂದು ನಾ ಹೇಳೀನಿ. ಈಗ ನಿಮ್ದು ನೀವು ಹೇಳ್ರಿ."

"ಮೊದಲ ಹಗ್ಗ ಬಿಚ್ಚು!"

"ನೀವು ಬಾಯಿ ಬಿಚ್ಚ್ರಿ. ಅವ್ರು ಬ್ಯಾಡ ಅಂದ್ರೋ ಇಲ್ಲೋ?"

"ಅಂದಾ! ಅಂದಾ!"

"ಎಷ್ಟು ಸಲ?"

"ಮೂರು ಸಲ ಅಂದಾ. ನಾನೇ ಸೀಟಿ ಊದಿ ಹಿಂದ ಕಟ್ಟಿಸೀನಿ. ಮಂದಿ ನಗಾಕತ್ತಿದ್ರು... ನನಗ ತಡಿಲಿಲ್ಲ. ಸಾಕೇನು?"

ಸಾಕೇ? ಎಂಟು ಅಕ್ಷರ ಕಾಣಲಿಲ್ಲ ಎಂದು ನಾಲ್ಕು ಮಂದಿ ನಕ್ಕದ್ದು ಇವರಿಗೆ ತಡೆಯಲಿಲ್ಲ. ಅಷ್ಟಕ್ಕೇ ಒಬ್ಬ ಮನುಷ್ಯ ಹೋದ. ಆಮೇಲೆ ಅವನ ಹೆಸರು ಹಿಡಿದು ಭಾನುವಾರಕ್ಕೊಮ್ಮೆ ಪಾಠ. ಜಯಮ್ಮನಿಗೆ ಒಂದು ಗಳಿಗೆ ಹುಟ್ಟು ಎತ್ತಿ ಅವರ ತಲೆಗೇ ಹಾಕಬೇಕು ಎನ್ನಿಸಿತು. ಹಾಕಲಿಲ್ಲ. ಹಾಯಿಯ ಹಗ್ಗ ಹಾರಬಿಟ್ಟು, ಲಂಗರಿನ ಹಗ್ಗವನ್ನು ಮತ್ತೆ ಮೂತಿಗೆ ಒಯ್ದು ಕಟ್ಟಿದಳು. ದೋಣಿ ನಿಧಾನಕ್ಕೆ ತಿರುಗಿ ಗಾಳಿಗೆ ಮುಖ ಕೊಟ್ಟು ನಿಂತಿತು. ಒಳಗೆ ಮೊಣಕಾಲಿನ ಅರ್ಧಕ್ಕೆ ನೀರು.

ವಿಶ್ವಜಿತ್ ಮುಖ ಒರೆಸಿಕೊಂಡರು. "ನಡಿ ದಂಡಿಗೆ. ನಾಳೆ ಆ ಹಲಗಿ ತೆಗಸ್ತೀನಿ."

"ತೆಗಸಬ್ಯಾಡ್ರಿ. ಉಳಿದದ್ದೂ ಬರಸ್ರಿ. ಬ್ಯಾಡ ಅಂದ್ರು ಅಂತ ಬರಸ್ರಿ. ಯಾರು ಕಟ್ಟಿಸಿದ್ರು ಅಂತ ಬರಸ್ರಿ. ಎಂಟು ಮಂದಿನ ಉಳಿಸಿದ್ರು ಅಂತ ಬರಸ್ರಿ."

"ಬರಸ್ತೀನಿ. ಇನ್ನ ನಡಿ."

"ಅಲ್ಲಿ ನಿಂತಾರಲ್ರೀ ನಿಮ್ಮ ಶಿಷ್ಯರು. ಈಗ ನನ್ನ ಮುಂದ ಅಂದ್ರೆಲ್ಲ, ಅದನ್ನ ಅವ್ರ ಮುಂದ ಅನ್ರಿ. ಹನ್ನೊಂದು ತಿಂಗಳು ಅವ್ರ ಬಾಯಾಗ ಒಂದು ಮಾತು ಇಟ್ಟೀರಿ. ಅದನ್ನ ನೀವ ತೆಗೀರಿ. ಅಲ್ಲೀತನಾ ನಾ ಲಂಗರ ಎತ್ತೂದುಲ್ಲ."

ಅವರು ದಂಡೆ ನೋಡಿದರು, ಅವಳನ್ನು ನೋಡಿದರು. ಹುಟ್ಟು ಅವಳ ಕಾಲಡಿಯಲ್ಲಿತ್ತು. ಹಾಯಿಯ ಕಂಬ ಹಿಡಿದು ವಿಶ್ವಜಿತ್ ಎದ್ದು ನಿಂತರು. ದಂಡೆಯ ಮೇಲೆ ಹನ್ನೆರಡು ಜನ, ಲಹರಿ, ವಾಚ್‌ಮನ್, ಎಲ್ಲ ಇತ್ತ ಕಡೆಯೇ ನೋಡುತ್ತಿದ್ದರು.

ಅವರು ಇಂಗ್ಲಿಷಿನಲ್ಲಿ ಏನೋ ಕೂಗಿದರು. ಸಣ್ಣದಾಗಿ. ತಾಯಪ್ಪನ ಹೆಸರು ಅದರಲ್ಲಿತ್ತು. ಮುಂದೆ ನಿಂತಿದ್ದ ಲಹರಿ ಬಾಯಿಗೆ ಕೈ ಇಟ್ಟುಕೊಂಡು, ಆಮೇಲೆ ಜಯಮ್ಮನಿಗೆ ಹೌದು ಎಂದು ತಲೆ ಆಡಿಸಿದಳು. ವಿಶ್ವಜಿತ್ ಕೂರಲು ಬಾಗಿದರು.

"ಕುಂದ್ರಬ್ಯಾಡ್ರಿ," ಎಂದಳು ಜಯಮ್ಮ. "ಹಾಯಿ ಸಪ್ಪಳ ಮಾಡಾಕತ್ತೈತಿ. ಹಿಂದಿನವ್ರಿಗೆ ಕೇಳಿಲ್ಲ. ಇನ್ನೊಮ್ಮೆ ಹೇಳ್ರಿ."